ದೂರ ಸರಿಯಾಗೇ ಹೇಳುತ್ತೆ, ಟೈಮ್ ಮಾತ್ರ ನಂಬ್ಬೇಡಿ: ಫ್ಲೈಟ್ ಡಿಸ್ಟೆನ್ಸ್ ಕ್ಯಾಲ್ಕ್ಯುಲೇಟರ್‌ಗಳ ರಿವ್ಯೂ, ಜೊತೆಗೆ ಅಪ್ಪನ ಗ್ಲೋಬು

ಮೊದಲೇ ಹೇಳ್ಬಿಡ್ತೀನಿ, ನಾನೇನು ವಿಮಾನದ ಹುಚ್ಚ ಅಲ್ಲ, ಆಕಾಶದಲ್ಲಿ ಸದ್ದಾದ್ರೆ ಕತ್ತೆತ್ತಿ ಯಾವ ಮಾಡೆಲ್ ಅಂತ ಹೇಳೋ ಜನ ಇರ್ತಾರಲ್ಲ, ಆ ಪೈಕಿ ಅಲ್ಲವೇ ಅಲ್ಲ. ಈ ಎರಡು ಏರ್‌ಪೋರ್ಟ್ ಮಧ್ಯೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಹೇಳೋ ಸೈಟುಗಳ ಸಹವಾಸ ನನಗೆ ಬಂದಿದ್ದು ಅಕ್ಕನ ಬಾಣಂತನದ ದೆಸೆಯಿಂದ. ಅಕ್ಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿದ್ದಾಳೆ, ನವೆಂಬರಲ್ಲಿ ಡೇಟು, ಅಮ್ಮ ಮೈಸೂರಿಂದ ಒಬ್ಬಳೇ ಹೊರಡಬೇಕು, ಹಿಂದೆ ಯಾವತ್ತೂ ವಿಮಾನ ಹತ್ತಿದವಳಲ್ಲ. ಟಿಕೆಟ್ ಅಲ್ಲಿಂದಲೇ ಅಕ್ಕ ಬುಕ್ ಮಾಡಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ಲು ಅಷ್ಟೇ. ಸೋಮವಾರ 2025ರ ನವೆಂಬರ್ 3, ಬೆಳಗಿನ ಜಾವ 4.30ಕ್ಕೆ ಬೆಂಗಳೂರು, ದುಬೈನಲ್ಲಿ ವಿಮಾನ ಬದಲು, ಅದೇ ಸೋಮವಾರ ಮಧ್ಯಾಹ್ನ 12.50ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ.

ಪಕ್ಕದ್ಮನೆ ಆಂಟಿ ಅದನ್ನ ನೋಡಿ "ಅಯ್ಯೋ ಬರೀ ಎಂಟು ಗಂಟೆ ಇಪ್ಪತ್ತು ನಿಮಿಷನಾ, ನಮ್ಮ ಹುಬ್ಬಳ್ಳಿ ಬಸ್ಸೇ ಅಷ್ಟು ಹೊತ್ತು ತಗೊಳುತ್ತೆ" ಅಂದ್ಬಿಟ್ರು. ಅಮ್ಮಂಗೆ ಪರಮ ಸಂತೋಷ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಮೂವತ್ತು ವರ್ಷ ಅಕ್ಷಾಂಶ ರೇಖಾಂಶ ಪಾಠ ಮಾಡಿದವರು, ಅವರು ನಕ್ಕು, "ಅದು ಗಡಿಯಾರದ ಎಂಟು ಗಂಟೆ, ನಿನ್ನ ಸೊಂಟದ ಎಂಟು ಗಂಟೆ ಅಲ್ಲ. ಲೋ, ನಿಜವಾಗ್ಲೂ ಎಷ್ಟು ಹೊತ್ತು, ಎಷ್ಟು ದೂರ ಅಂತ ನೋಡಿ ಹೇಳು" ಅಂತ ನನಗೆ ಕೆಲಸ ಹಚ್ಚಿದ್ರು. ಅಮ್ಮಂದು ಬೇರೆ ಪ್ರಶ್ನೆ: ಬಿಪಿ ಮಾತ್ರೆ ದಿನಾ ಬೆಳಗ್ಗೆ ಎಂಟಕ್ಕೆ ತಗೋತೀನಿ, ಯಾವ ಊರಿನ ಬೆಳಗ್ಗೆ ಎಂಟು? ಇದಕ್ಕಂತೂ ಡಾಕ್ಟ್ರ ಹತ್ರನೇ ಚೀಟಿ ಬರೆಸಿಕೊಂಡ್ವಿ, ಆದ್ರೆ ಡಾಕ್ಟ್ರು ಕೂಡ ಮೊದಲು ಕೇಳಿದ್ದು ಅದೇ, ಒಟ್ಟು ಪ್ರಯಾಣ ಎಷ್ಟು ಗಂಟೆ?

ಸರಿ, ಮೊಬೈಲಲ್ಲಿ ಹುಡುಕಿದ್ರೆ ಇಂಥ ಸೈಟುಗಳು ಸಾಲುಸಾಲಾಗಿ ಬರ್ತವೆ. ಮೊದಲು ತೆರೆದಿದ್ದರ ಹೆಸರು ಹೇಳಲ್ಲ, ಹೇಳಿ ಪ್ರಯೋಜನನೂ ಇಲ್ಲ, ಒಂದರ ಥರನೇ ಹತ್ತು ಇದಾವೆ. ಕುಕೀಸ್ ಒಪ್ಕೊಳ್ಳಿ ಅಂತ ಅರ್ಧ ಸ್ಕ್ರೀನು, ಅದನ್ನ ಮುಚ್ಚಿದ್ರೆ ಹೋಟೆಲ್ ಜಾಹೀರಾತು, ಅದರ ಕೆಳಗೆ ದೊಡ್ಡದಾಗಿ ಹಸಿರು ಬಣ್ಣದಲ್ಲಿ "ಕ್ಯಾಲ್ಕ್ಯುಲೇಟ್" ಅಂತ ಬಟನ್ನು, ಒತ್ತಿದ್ರೆ ಅದೂ ಜಾಹೀರಾತೇ, ನಿಜವಾದ ಬಟನ್ನು ಅದರ ಕೆಳಗೆ ಸಣ್ಣಕ್ಕೆ ಬೂದು ಬಣ್ಣದಲ್ಲಿ ಪಾಪ ಅನಾಥನ ಥರ ಕೂತಿತ್ತು. ಹೊರಡೋ ಕಡೆ ಬೆಂಗಳೂರು ಅಂತ ಹಾಕ್ದೆ. ಇಳಿಯೋ ಕಡೆ, ಅಕ್ಕ ಇರೋ ಊರು ತಾನೆ ಅಂತ ಸ್ಯಾನ್ ಹೋಸೆ ಅಂತ ಟೈಪ್ ಮಾಡಿ ಮೊದಲು ಬಂದಿದ್ದನ್ನ ಒತ್ತಿದೆ. ಉತ್ತರ ಬಂತು: 16,754 ಕಿ.ಮೀ., ಪ್ರಯಾಣದ ಸಮಯ 21 ಗಂಟೆ 19 ನಿಮಿಷ.

ಅಪ್ಪಂಗೆ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹದಿನಾರು ಮುಕ್ಕಾಲು ಸಾವಿರನಾ? ಸಾಧ್ಯ ಇಲ್ಲ ಕಣೋ, ಅಷ್ಟು ದೂರ ಹೋದ್ರೆ ಭೂಮಿ ಆ ಕಡೆ ತುದೀನೇ ಬಂದ್ಬಿಡುತ್ತೆ, ಎಲ್ಲೋ ತಪ್ಪಿದೆ" ಅಂತ ಎದ್ದು ಹೋಗಿ ಅಟ್ಟದ ಮೇಲಿಂದ ಗ್ಲೋಬು ಇಳಿಸಿದ್ರು. ಸ್ಕೂಲಿಂದ ರಿಟೈರ್ ಆಗೋವಾಗ ಹುಡುಗ್ರು ಕೊಟ್ಟಿದ್ದು, ಒಂದಡಿ ಅಗಲದ್ದು, ಹಿಂದೂ ಮಹಾಸಾಗರದಲ್ಲಿ ಜಿರಳೆ ಮೊಟ್ಟೆ ಅಂಟಿಕೊಂಡಿತ್ತು. ಒರೆಸಿ, ದೇವರ ಮನೆಯಿಂದ ಹೂ ಕಟ್ಟೋ ದಾರದ ಉಂಡೆ ತಂದು, ಒಂದು ತುದೀನ ಬೆಂಗಳೂರಿನ ಮೇಲೆ ನನ್ನ ಹೆಬ್ಬೆಟ್ಟಲ್ಲಿ ಒತ್ತಿ ಹಿಡಿಸಿ, ಇನ್ನೊಂದು ತುದೀನ ಸ್ಯಾನ್ ಫ್ರಾನ್ಸಿಸ್ಕೋ ಹತ್ರ ಎಳೆದ್ರು. ನಾನು ದಾರ ಪೆಸಿಫಿಕ್ ಸಮುದ್ರದ ಮೇಲೆ ಅಡ್ಡಡ್ಡ ಹೋಗುತ್ತೆ ಅಂತ ಅಂದ್ಕೊಂಡಿದ್ದೆ, ಯಾಕಂದ್ರೆ ಗೋಡೆ ಮೇಲಿನ ನಕ್ಷೆಯಲ್ಲಿ ಹಾಗೆ ತಾನೆ ಕಾಣೋದು. ಅಪ್ಪ ಬಿಗಿ ಮಾಡ್ತಾ ಹೋದ ಹಾಗೆ ದಾರ ಜಾರಿ ಜಾರಿ ಮೇಲಕ್ಕೆ ಹೋಯ್ತು. ಟಿಬೆಟ್, ಚೀನಾ, ಮಂಗೋಲಿಯಾ, ಆಮೇಲೆ ಸೈಬೀರಿಯಾದ ನೆತ್ತಿ, ಅಲ್ಲಿಂದ ಅಲಾಸ್ಕಾ, ಅಲ್ಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ. ಉಗುರಲ್ಲಿ ಗುರುತು ಮಾಡಿ ಸ್ಕೇಲ್ ಇಟ್ರೆ 33 ಸೆಂಟಿಮೀಟರ್. ಗ್ಲೋಬಿನ ಸುತ್ತಳತೆ 94 ಸೆಂಟಿಮೀಟರ್ ಬಂತು, ಭೂಮಿದು ಸುಮಾರು 40,000 ಕಿ.ಮೀ., ಅಂದ್ರೆ ಒಂದು ಸೆಂಟಿಮೀಟರಿಗೆ 425 ಕಿ.ಮೀ., ಮೂವತ್ಮೂರರಿಂದ ಗುಣಿಸಿದ್ರೆ 14,000 ಚಿಲ್ಲರೆ. "ಮಹಾವೃತ್ತ ಅಂತ ಓದಿದ್ಯಲ್ಲೋ, ಗೋಳದ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ, ಇದೇ ಅದು. ಹದಿನಾಲ್ಕು ಸಾವಿರ. ನಿನ್ನ ಮೊಬೈಲು ಇನ್ನೆಲ್ಲೋ ಹೋಗಿದೆ."

ವಾಪಸ್ ಸೈಟ್ ನೋಡ್ತೀನಿ, ಹೌದು, ಅದು ತಗೊಂಡಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಅಲ್ಲ, ಕೋಸ್ಟರಿಕಾ ದೇಶದ ರಾಜಧಾನಿ ಸ್ಯಾನ್ ಹೋಸೆ! ದೇಶದ ಹೆಸರು ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಕ್ಯಾಲಿಫೋರ್ನಿಯಾದ್ದಕ್ಕೆ ಕೋಡು ಎಸ್‌ಜೆಸಿ, ಕೋಸ್ಟರಿಕಾದ್ದಕ್ಕೆ ಎಸ್‌ಜೆಒ, ಒಂದೇ ಅಕ್ಷರ ವ್ಯತ್ಯಾಸ, 2,700 ಕಿ.ಮೀ. ಹೆಚ್ಚುಕಮ್ಮಿ. ಅದಕ್ಕೇ ನನ್ನ ಮೊದಲ ಸಲಹೆ, ಊರಿನ ಹೆಸರು ಹಾಕ್ಲೇಬೇಡಿ, ಟಿಕೆಟಲ್ಲಿರೋ ಮೂರಕ್ಷರದ ಕೋಡ್ ಹಾಕಿ. ಬೆಂಗಳೂರಿಗೆ ಬಿಎಲ್‌ಆರ್, ದುಬೈಗೆ ಡಿಎಕ್ಸ್‌ಬಿ, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್‌ಎಫ್‌ಒ. ಇನ್ನು ಕೆಲವು ಸೈಟು ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ಲೆಕ್ಕ ಹಾಕಲ್ಲ, ಊರಿನ ನಡುಮಧ್ಯದಿಂದ ಹಾಕ್ತವೆ. ದೂರದ ಊರಾದ್ರೆ ಅದೇನು ದೊಡ್ಡ ವಿಷಯ ಅಲ್ಲ ಬಿಡಿ, ಆದ್ರೂ ನಮ್ಮ ಏರ್‌ಪೋರ್ಟು ಇರೋದು ದೇವನಹಳ್ಳೀಲಿ ಅಲ್ವಾ.

ಕೋಡ್ ಹಾಕಿ ಮತ್ತೆ ನೋಡಿದ್ರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ 13,988 ಕಿ.ಮೀ. ಬಂತು. ಅಪ್ಪನ ದಾರಕ್ಕೂ ಅದಕ್ಕೂ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ವ್ಯತ್ಯಾಸ ಕೂಡ ಇಲ್ಲ! ಏರ್ ಇಂಡಿಯಾದವರು 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಶುರು ಮಾಡಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಹೆಣ್ಮಕ್ಕಳೇ ಕಾಕ್‌ಪಿಟ್ಟಲ್ಲಿ ಕೂತು ಉತ್ತರ ಧ್ರುವದ ದಾರೀಲಿ ತಂದಿಳಿಸಿದ್ರಲ್ಲ, ಆಗ ಕಂಪನಿ ಹೇಳಿದ್ದ ದೂರ 13,993 ಕಿ.ಮೀ. ಬೇರೆ ಸೈಟಲ್ಲಿ 14,003 ಅಂತಾನೂ ಬರುತ್ತೆ. ಗಾಬರಿ ಬೇಡ, ಕೆಲವರು ಭೂಮೀನ ಪೂರ್ತಿ ಗುಂಡಗಿರೋ ಚೆಂಡು ಅಂದ್ಕೊಂಡು 6,371 ಕಿ.ಮೀ. ತ್ರಿಜ್ಯ ಇಟ್ಟು ಗುಣಿಸ್ತಾರೆ, ಕೆಲವರು ಧ್ರುವದ ಹತ್ರ ಸ್ವಲ್ಪ ಚಪ್ಪಟೆ, ಸಮಭಾಜಕದ ಹತ್ರ ಸ್ವಲ್ಪ ಉಬ್ಬು ಅನ್ನೋದನ್ನೂ ಸೇರಿಸ್ತಾರೆ. ಹದಿನಾಲ್ಕು ಸಾವಿರಕ್ಕೆ ಹದಿನೈದು ಕಿ.ಮೀ. ವ್ಯತ್ಯಾಸ ಅಂದ್ರೆ ನನ್ನ ಪ್ರಕಾರ ಏನೂ ಅಲ್ಲ, ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ಹೋದ ಹಾಗೆ.

ಹಾಗಾಗಿ ದೂರದ ವಿಷಯದಲ್ಲಿ ಈ ಸೈಟುಗಳಿಗೆಲ್ಲ ನಾನು ಫುಲ್ ಮಾರ್ಕ್ಸ್ ಕೊಡ್ತೀನಿ. ಒಂದು ಎಚ್ಚರ, ಮೈಲಿ ಅಂದ್ರೆ ಯಾವ ಮೈಲಿ ಅಂತ ನೋಡ್ಕೊಳ್ಳಿ. ರಸ್ತೆ ಮೈಲಿ 1.609 ಕಿ.ಮೀ., ವಿಮಾನ ಹಡಗಿನವರ ನಾಟಿಕಲ್ ಮೈಲಿ 1.852 ಕಿ.ಮೀ. ಇದೇ ದಾರಿ ಒಂದರಲ್ಲಿ 8,700 ಹತ್ರ, ಇನ್ನೊಂದರಲ್ಲಿ 7,550 ಹತ್ರ. ನಾನು ಒಂದು ಗಂಟೆ ಯಾವ ಸೈಟು ಸುಳ್ಳು ಹೇಳ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ.

ಈಗ ಅಸಲಿ ತಕರಾರು, ಟೈಮು.

ಕೋಡ್ ಸರಿ ಮಾಡಿದ ಮೇಲೆ ಆ ಸೈಟು ಹೇಳಿದ್ದು ಪ್ರಯಾಣದ ಸಮಯ 17 ಗಂಟೆ 53 ನಿಮಿಷ. ನಿಮಿಷದವರೆಗೂ ಹೇಳ್ತಿದ್ಯಲ್ಲ, ಪಾಪ ಎಲ್ಲೋ ಟೈಮ್‌ಟೇಬಲ್ ನೋಡಿರಬೇಕು ಅಂತ ನಾನೂ ನಂಬಿದೆ. ಆಮೇಲೆ ಅಪ್ಪ ಮಗ ಇಬ್ರೂ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಲೆಕ್ಕ ಹಾಕಿದಾಗ ಗುಟ್ಟು ಗೊತ್ತಾಯ್ತು. 13,988ನ್ನ 805ರಿಂದ ಭಾಗಿಸಿ, ಹತ್ತಕ್ಕೆ ಇಳಿಯಕ್ಕೆ ಅಂತ ಅರ್ಧ ಗಂಟೆ ಸೇರಿಸಿ, ಅಷ್ಟೇ! 805 ಯಾಕೆ ಅಂದ್ರೆ ಗಂಟೆಗೆ 500 ಮೈಲಿ. ವಿಮಾನ ಯಾವುದು, ಗಾಳಿ ಯಾವ ಕಡೆ, ಮಧ್ಯೆ ಎಲ್ಲಿ ಇಳಿಯುತ್ತೆ, ಅಷ್ಟಕ್ಕೂ ಆ ದಿನ ಆ ದಾರೀಲಿ ನೇರ ವಿಮಾನ ಇದ್ಯಾ ಇಲ್ವಾ, ಯಾವುದೂ ಅದಕ್ಕೆ ಬೇಕಿಲ್ಲ. ಒಂದು ಭಾಗಾಕಾರಕ್ಕೆ ಇಷ್ಟೆಲ್ಲ ಜಾಹೀರಾತು.

ಅಮ್ಮನ ನಿಜವಾದ ಟೈಮ್ ಅಪ್ಪ ತೆಗೆದಿದ್ದು ಹೀಗೆ. ನವೆಂಬರಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಗಡಿಯಾರದ ವ್ಯತ್ಯಾಸ 8 ಗಂಟೆ 20 ನಿಮಿಷ, ಅದಕ್ಕೆ 13.30 ಕೂಡಿದ್ರೆ 21 ಗಂಟೆ 50 ನಿಮಿಷ. ತಮಾಷೆ ಗಮನಿಸಿ, ಕೋಸ್ಟರಿಕಾ ಅಂತ ತಪ್ಪು ಊರು ತಗೊಂಡು ತಪ್ಪು ಲೆಕ್ಕ ಹಾಕಿದಾಗ ಆ ಸೈಟು ಹೇಳಿದ್ದು 21 ಗಂಟೆ 19 ನಿಮಿಷ, ಹೆಚ್ಚುಕಮ್ಮಿ ಸರಿ. ಸರಿಯಾದ ಊರು ಕೊಟ್ಟ ಮೇಲೆ ಉತ್ತರ ನಾಲ್ಕು ಗಂಟೆ ತಪ್ಪಾಯ್ತು. ಪರೀಕ್ಷೇಲಿ ಎರಡು ಕಡೆ ತಪ್ಪು ಮಾಡಿ ಉತ್ತರ ಸರಿ ಬರೆಯೋ ಹುಡುಗರನ್ನ ಅಪ್ಪ ಎಷ್ಟು ನೋಡಿಲ್ಲ, ತುಂಬಾ ಹೊತ್ತು ನಕ್ಕರು.

ಆ ನಾಲ್ಕು ಗಂಟೆ ಎಲ್ಲಿ ಹೋಯ್ತು? ಇದನ್ನ ಹುಡುಕಕ್ಕೆ ನನಗೆ ಸಹಾಯ ಆಗಿದ್ದು ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನೋ ಸೈಟು. ನೋಡಕ್ಕೆ ಏನೂ ಚಂದ ಇಲ್ಲ, ಇಪ್ಪತ್ತು ವರ್ಷ ಹಿಂದಿನ ಇಂಟರ್ನೆಟ್ಟು ಹೇಗಿತ್ತೋ ಹಾಗೇ ಇದೆ, ಮೊಬೈಲಲ್ಲಿ ಅಕ್ಷರ ಹಿಗ್ಗಿಸಿ ಓದ್ಬೇಕು. ಆದ್ರೆ ಕೆಲಸ ಅಂದ್ರೆ ಕೆಲಸ. ಒಂದು ಡಬ್ಬದಲ್ಲಿ ಕೋಡುಗಳನ್ನ ಅಡ್ಡಗೆರೆ ಹಾಕಿ ಬರೀತಾ ಹೋಗೋದು, ಬಿಎಲ್‌ಆರ್ ಅಡ್ಡಗೆರೆ ಡಿಎಕ್ಸ್‌ಬಿ ಅಡ್ಡಗೆರೆ ಎಸ್‌ಎಫ್‌ಒ, ಇನ್ನೊಂದು ದಾರಿ ಹೋಲಿಸ್ಬೇಕಾದ್ರೆ ಅಲ್ಪವಿರಾಮ ಹಾಕಿ ಮುಂದುವರಿಸೋದು. ಪ್ರತಿ ತುಂಡಿನ ದೂರ, ಒಟ್ಟು ದೂರ ಟೇಬಲ್ ಮಾಡಿ ಕೊಡುತ್ತೆ, ದಾರೀನ ನಕ್ಷೆ ಮೇಲೆ ಕೆಂಪು ಗೆರೆಯಲ್ಲಿ ಎಳೆದು ತೋರಿಸುತ್ತೆ. ಮುಖ್ಯವಾಗಿ, ನಾವಾಗಿ ವೇಗ ಕೊಡದ ಹೊರತು ತಾನಾಗಿ ಟೈಮ್ ಹೇಳೋ ಅಧಿಕಪ್ರಸಂಗಕ್ಕೆ ಹೋಗಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ ಅನ್ನೋ ಗುಣ ಮನುಷ್ಯರಲ್ಲೇ ಕಮ್ಮಿ.

ಅದರಲ್ಲಿ ಹಾಕಿದ್ರೆ ಬೆಂಗಳೂರು–ದುಬೈ ಸುಮಾರು 2,700, ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000, ಒಟ್ಟು 15,700. ನೇರ ದಾರಿಗಿಂತ 1,700 ಕಿ.ಮೀ. ಜಾಸ್ತಿ, ಅದಕ್ಕೆ ಎರಡು ಗಂಟೆ ಹೋಯ್ತು, ದುಬೈನಲ್ಲಿ ಕಾಯೋದು 1 ಗಂಟೆ 50 ನಿಮಿಷ, ಅಲ್ಲಿಗೆ ನಾಲ್ಕು ಗಂಟೆ ಲೆಕ್ಕ ಚುಕ್ತಾ. ಕುತೂಹಲಕ್ಕೆ ಫ್ರಾಂಕ್‌ಫರ್ಟ್ ಮೇಲೆ ಹಾಕಿ ನೋಡಿದೆ, 16,550 ಹತ್ರ. ಪೂರ್ವಕ್ಕೆ ಸಿಂಗಾಪುರದ ಮೇಲೆ ಹಾಕಿದ್ರೆ 16,770 ಹತ್ರ. ಒಂದು ಪೂರ್ತಿ ಪಶ್ಚಿಮ, ಒಂದು ಪೂರ್ತಿ ಪೂರ್ವ, ಎರಡಕ್ಕೂ ಬರೀ ಇನ್ನೂರು ಚಿಲ್ಲರೆ ಕಿ.ಮೀ. ವ್ಯತ್ಯಾಸ! ಕ್ಯಾಲಿಫೋರ್ನಿಯಾ ನಮಗೆ ಭೂಮಿಯ ಹಿತ್ತಲು ಇದ್ದ ಹಾಗೆ, ಮನೆ ಎಡಗಡೆಯಿಂದ ಸುತ್ತಿದ್ರೂ ಒಂದೇ, ಬಲಗಡೆಯಿಂದ ಸುತ್ತಿದ್ರೂ ಒಂದೇ.

ದುಬೈ ದಾರೀನ ಅಪ್ಪ ದಾರದಲ್ಲೂ ನೋಡಿದ್ರು. ಬೆಂಗಳೂರು–ದುಬೈ ಆರು ಸೆಂಟಿಮೀಟರ್ ಚಿಲ್ಲರೆ, ಸುಲಭ. ದುಬೈಯಿಂದ ಎಳೆದ್ರೆ ದಾರ ಇರಾನ್, ರಷ್ಯಾ ದಾಟಿ ಸೀದಾ ಗ್ಲೋಬಿನ ತಲೆಗೇ ಹೋಗಿ, ಮೇಲೆ ಹಿತ್ತಾಳೆ ತಿರುಪು ಇರುತ್ತಲ್ಲ, ಅದಕ್ಕೆ ಸಿಕ್ಕಿಹಾಕ್ಕೊಂಡು ನಿಂತ್ಬಿಡ್ತು! ಈ ಕಡೆ ಎಳೆದ್ರೂ ಬರಲ್ಲ, ಆ ಕಡೆ ಎಳೆದ್ರೂ ಬರಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಅತಿ ಹತ್ತಿರದ ಗೆರೆ ಉತ್ತರ ಧ್ರುವದಿಂದ ಬರೀ ಇನ್ನೂರು ಕಿ.ಮೀ. ಪಕ್ಕಕ್ಕೆ ಹಾದುಹೋಗುತ್ತೆ, ಅಪ್ಪನ ಗ್ಲೋಬಿನ ಮೇಲೆ ಅದು ಅರ್ಧ ಸೆಂಟಿಮೀಟರ್ ಕೂಡ ಇಲ್ಲ, ತಿರುಪಿನ ಬುಡ. ಅಮ್ಮಂಗೆ ಹೇಳಿದ್ರೆ "ಅಲ್ಲಿ ತುಂಬಾ ಚಳಿ ಅಲ್ವಾ, ಇನ್ನೊಂದು ಸ್ವೆಟರ್ ಇಡು" ಅಂದ್ಲು.

ಹಾಗಂತ ವಿಮಾನ ಗೆರೆ ಮೇಲೇ ಹೋಗುತ್ತೆ ಅಂತಲೂ ತಿಳ್ಕೋಬೇಡಿ. ಗೆರೆ ಭೂಗೋಳದ್ದು, ಆಕಾಶ ಸರ್ಕಾರಗಳದ್ದು. 2022ರಲ್ಲಿ ರಷ್ಯಾ–ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಆಕಾಶ ಯೂರೋಪಿನ ವಿಮಾನಗಳಿಗೆ ಬಂದ್ ಆಯ್ತಲ್ಲ, ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಕ್ಯಾಲ್ಕ್ಯುಲೇಟರಲ್ಲಿ ಹಾಕಿದ್ರೆ ಇವತ್ತಿಗೂ 7,800 ಕಿ.ಮೀ. ಹತ್ರ ಅಂತಾನೇ ಬರುತ್ತೆ. ಒಂಬತ್ತೂವರೆ ಗಂಟೆ ತಗೋತಿದ್ದ ಫಿನ್ನೇರ್ ವಿಮಾನ ಆಮೇಲೆ ಉತ್ತರ ಧ್ರುವ ಸುತ್ತಿಯೋ ದಕ್ಷಿಣದಿಂದ ಬಳಸಿಯೋ ಹೋಗಿ ಹದಿಮೂರು ಗಂಟೆ ಹತ್ರ ತಗೊಳ್ಳೋಕೆ ಶುರು ಮಾಡ್ತು. ನಮ್ಮಲ್ಲೂ ಅಷ್ಟೇ, ಪಾಕಿಸ್ತಾನದ ಆಕಾಶ 2019ರಲ್ಲಿ ಕೆಲವು ತಿಂಗಳು ಬಂದ್ ಆಗಿತ್ತು, 2025ರ ಏಪ್ರಿಲಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಬಂದ್, ಡೆಲ್ಲಿಯಿಂದ ಪಶ್ಚಿಮಕ್ಕೆ ಹೋಗೋವೆಲ್ಲ ಬಳಸಿಕೊಂಡು ಹೋಗೋ ಹಾಗಾಯ್ತು. ಇದ್ಯಾವುದೂ ಭಾಗಾಕಾರದ ಸೈಟಿಗೆ ಗೊತ್ತಿಲ್ಲ.

ಗಾಳಿದು ಇನ್ನೊಂದು ಕಥೆ. ಮೇಲೆ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆ ಹರಿದ ಹಾಗೆ ಜೋರು ಗಾಳಿ ಹರೀತಿರುತ್ತೆ, ಜೆಟ್ ಸ್ಟ್ರೀಮ್ ಅಂತಾರೆ. ಲಂಡನ್–ನ್ಯೂಯಾರ್ಕ್ 5,540 ಕಿ.ಮೀ., ಹೋಗ್ತಾ ಗಾಳಿಗೆ ಎದುರಾಗಿ ಎಂಟು ಗಂಟೆ ಹತ್ರ, ಬರ್ತಾ ಗಾಳಿ ಬೆನ್ನಿಗೆ ಬಿದ್ದು ಏಳು ಗಂಟೆ ಅಥವಾ ಇನ್ನೂ ಕಮ್ಮಿ. 2020ರ ಫೆಬ್ರವರೀಲಿ ಬಿರುಗಾಳಿ ಎದ್ದಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೇ ಬಂದು ಇಳಿದಿತ್ತು. ಸೈಟಲ್ಲಿ ಹೋಗೋದು ಬರೋದು ಅದಲು ಬದಲು ಮಾಡಿ ನೋಡಿ, ಒಂದು ನಿಮಿಷನೂ ಬದಲಾಗಲ್ಲ. ಅಲ್ಲೇ ಗೊತ್ತಾಗುತ್ತೆ ಅದರ ಬಂಡವಾಳ. ಯಾವುದೇ ಹೊಸ ಸೈಟ್ ಸಿಕ್ರೂ ನಾನು ಈಗ ಮಾಡೋ ಮೊದಲ ಟೆಸ್ಟು ಇದೇ.

ಇನ್ನು 805 ಅನ್ನೋ ವೇಗನೂ ಎಲ್ಲಾ ಕಡೆಗೂ ಹೊಂದಲ್ಲ. ದೊಡ್ಡ ವಿಮಾನ ಮೇಲೆ ಹೋದ್ಮೇಲೆ ಗಂಟೆಗೆ 900 ಆಸುಪಾಸಲ್ಲಿ ಹೋಗುತ್ತೆ, ಹಾಗಾಗಿ ದುಬೈ–ಸ್ಯಾನ್ ಫ್ರಾನ್ಸಿಸ್ಕೋಗೆ ಸೈಟಿನ ಸೂತ್ರದಲ್ಲಿ 16 ಗಂಟೆ 40 ನಿಮಿಷ ಬಂದ್ರೆ ಟಿಕೆಟಲ್ಲಿ 16 ಗಂಟೆ ಮಾತ್ರ. ಅದೇ ಬೆಂಗಳೂರಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಅಂದ್ರೆ ಉಲ್ಟಾ, ವೇಗ ಹಿಡಿಯೋ ಹೊತ್ತಿಗೆ ಇಳಿಯೋ ಹೊತ್ತಾಗಿರುತ್ತೆ, ಸೈಟು ಹೇಳಿದ್ದಕ್ಕಿಂತ ಜಾಸ್ತಿನೇ ಆಗುತ್ತೆ. ಟಿಕೆಟಲ್ಲಿ ಬರೆಯೋದು ಗೇಟಿಂದ ಗೇಟಿಗೆ, ಅಂದ್ರೆ ರನ್‌ವೇ ತನಕ ತೆವಳೋದು, ಕ್ಯೂನಲ್ಲಿ ನಿಲ್ಲೋದು ಎಲ್ಲಾ ಸೇರಿ.

ಹಾಗಾದ್ರೆ ಟೈಮಿಗೆ ಏನ್ ನೋಡ್ಬೇಕು ಅಂದ್ರೆ, ಫ್ಲೈಟ್‌ರಾಡಾರ್24 ಥರದ ಟ್ರ್ಯಾಕರ್. ಲೆಕ್ಕ ಹಾಕೋ ತಂಟೆನೇ ಇಲ್ಲ, ನಿಮ್ಮ ವಿಮಾನದ ನಂಬರ್ ಹಾಕಿದ್ರೆ ಅದೇ ವಿಮಾನ ಹಿಂದಿನ ಕೆಲವು ದಿನ ಯಾವಾಗ ಹೊರಡ್ತು, ಎಷ್ಟು ಹೊತ್ತು ತಗೊಳ್ತು ಅಂತ ಫ್ರೀ ಆಗೇ ಸಿಗುತ್ತೆ. ನಾಳೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ ಅಂತ ಬೋರ್ಡ್ ನೋಡೋ ಬದಲು ಸ್ಟ್ಯಾಂಡಲ್ಲಿ ದಿನಾ ಕೂರೋ ಹೂವಿನವ್ರನ್ನ ಕೇಳಿದ ಹಾಗೆ. ಅಮ್ಮನ ವಿಮಾನ ಹೊರಟ ಮೇಲೆ ಅಪ್ಪ ರಾತ್ರಿ ನಿದ್ದೆ ಇಲ್ದೆ ಅದನ್ನೇ ನೋಡ್ತಾ ಕೂತಿದ್ರು, ಪುಟಾಣಿ ಹಳದಿ ವಿಮಾನ ಮೇಲಕ್ಕೆ ಮೇಲಕ್ಕೆ ಹೋಗ್ತಾ ಇತ್ತು, ನಡುವೆ ಎಲ್ಲೋ ಸಿಗ್ನಲ್ ಕಟ್ಟಾಗಿ ಅಂದಾಜಿನ ಗೆರೆ ಬಂದಾಗ ಎರಡು ಸಲ ನನ್ನ ಎಬ್ಬಿಸಿದ್ರು.

ಟೈಮ್ ಝೋನ್ ವಿಷಯದಲ್ಲಿ ನಾನು ಬೆಪ್ಪಾಗಿದ್ದನ್ನ ಹೇಳ್ದೆ ಹೋದ್ರೆ ರಿವ್ಯೂ ಪೂರ್ತಿ ಆಗಲ್ಲ. ಆ ಮೊದಲ ಸೈಟಲ್ಲೇ ಕೆಳಗೆ "ಎರಡು ಊರಿನ ಸಮಯದ ವ್ಯತ್ಯಾಸ 12 ಗಂಟೆ 30 ನಿಮಿಷ" ಅಂತಿತ್ತು. ನಾನು ನೋಡಿದ್ದು ಅಕ್ಟೋಬರಲ್ಲಿ, ಅವತ್ತಿನ ಮಟ್ಟಿಗೆ ಅದು ಸರೀನೇ. ಆದ್ರೆ ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ಇಡ್ತಾರೆ. ಆ ವರ್ಷ ಅದು ನವೆಂಬರ್ 2, ಅಂದ್ರೆ ಅಮ್ಮ ಮೈಸೂರು ಬಿಡೋ ದಿನವೇ! ಸೈಟಿಗೆ ಪ್ರಯಾಣದ ದಿನಾಂಕ ಕೇಳೋ ಡಬ್ಬನೇ ಇಲ್ಲ, ಇವತ್ತಿನ ವ್ಯತ್ಯಾಸ ಹೇಳಿ ಕೈ ತೊಳ್ಕೊಳುತ್ತೆ. ನಾನು ಅದನ್ನ ಹಿಡ್ಕೊಂಡು ಒಟ್ಟು 20 ಗಂಟೆ 50 ನಿಮಿಷ ಅಂತ ಡಾಕ್ಟ್ರ ಚೀಟಿಗೆ ಲೆಕ್ಕ ಕೊಟ್ಟಿದ್ದೆ, ಅಪ್ಪ 21.50 ಅಂತಿದ್ರು, ಒಂದು ಗಂಟೆಗೋಸ್ಕರ ಮನೇಲಿ ಎರಡು ದಿನ ವಾದ. ಕೊನೆಗೆ ಅಕ್ಕ ಫೋನಲ್ಲಿ "ಅಪ್ಪ ಹೇಳಿದ್ದೇ ಸರಿ ಕಣೋ, ಇಲ್ಲಿ ಆ ಭಾನುವಾರ ಗಡಿಯಾರ ತಿರುಗಿಸ್ತಾರೆ" ಅಂದ್ಮೇಲೆ ನಾನು ಸುಮ್ನಾದೆ. ಅಪ್ಪ ಗೆದ್ದೆ ಅಂತ ಬಾಯ್ಬಿಟ್ಟು ಹೇಳ್ಲಿಲ್ಲ, ಕಾಫಿ ಕುಡೀತಾ ಗ್ಲೋಬನ್ನ ಒಂದ್ಸಲ ಸುಮ್ನೆ ತಿರುಗಿಸಿದ್ರು.

ಇದಿಷ್ಟೂ ವಿಮಾನದ್ದು. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಂತ ಯಾವ ಸೈಟೂ ಹೇಳಲ್ಲ. ಅಮ್ಮ ಭಾನುವಾರ ಸಂಜೆ ದೇವರಿಗೆ ದೀಪ ಹಚ್ಚಿ ಏಳೂವರೆಗೆ ಮನೆ ಬಿಟ್ಲು. ಮೈಸೂರಿಂದ ದೇವನಹಳ್ಳಿ, ನಡುವೆ ಮದ್ದೂರಲ್ಲಿ ಕಾಫಿ, ಬೆಂಗಳೂರಿನ ಟ್ರಾಫಿಕ್ಕು, ಏರ್‌ಪೋರ್ಟ್ ಮುಟ್ಟೋ ಹೊತ್ತಿಗೆ ಹನ್ನೆರಡೂಕಾಲು. ಬಾಣಂತಿ ಲೇಹ್ಯದ ಡಬ್ಬ ಇದ್ದ ಸೂಟ್‌ಕೇಸು ಎರಡು ಕೆಜಿ ಜಾಸ್ತಿ ತೂಗಿ, ಅಲ್ಲೇ ನೆಲದ ಮೇಲೆ ಬಿಚ್ಚಿ ಸಾರಿನ ಪುಡಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹಾಕಿದ್ದಕ್ಕೆ ಅರ್ಧ ಗಂಟೆ. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್ ಕ್ಯೂ, ಲಗೇಜು, ಭಾವ ಕಾರಲ್ಲಿ ಮನೆಗೆ ಕರ್ಕೊಂಡು ಹೋಗಿ ಬಾಗಿಲು ತೆಗೆದಾಗ ಅಲ್ಲಿ ಸೋಮವಾರ ಮಧ್ಯಾಹ್ನ ಮೂರು, ಇಲ್ಲಿ ಮಂಗಳವಾರ ಬೆಳಗಿನ ಜಾವ ನಾಲ್ಕೂವರೆ. ಪೂರ್ತಿ 33 ಗಂಟೆ. ಆಂಟಿ ಹೇಳಿದ್ದು ಎಂಟು ಗಂಟೆ ಇಪ್ಪತ್ತು ನಿಮಿಷ, ಸೈಟು ಹೇಳಿದ್ದು 17 ಗಂಟೆ 53 ನಿಮಿಷ, ಟಿಕೆಟ್ಟು ಹೇಳಿದ್ದು 21 ಗಂಟೆ 50 ನಿಮಿಷ, ಅಮ್ಮನ ಸೊಂಟ ಹೇಳಿದ್ದು 33. ವಯಸ್ಸಾದವರನ್ನ ಕಳಿಸೋರು ಈ ಕೊನೇ ನಂಬರ್ ಇಟ್ಕೊಂಡು ಮಾತ್ರೆ, ಊಟ, ಫೋನ್ ಚಾರ್ಜು ಎಲ್ಲಾ ಲೆಕ್ಕ ಹಾಕಿ. ನಾವು ಅಮ್ಮನ ಕೈಗೆ ಹಳೇ ಎಚ್‌ಎಂಟಿ ವಾಚ್ ಕಟ್ಟಿ, ಇದನ್ನ ತಿರುಗಿಸ್ಲೇಬೇಡ, ಇದು ಮೈಸೂರು ಟೈಮ್, ಮಾತ್ರೆಗೆ ಇದನ್ನೇ ನೋಡು ಅಂತ ಹೇಳಿದ್ವಿ. ಡಾಕ್ಟ್ರ ಚೀಟೀಲೂ ಹಾಗೇ ಬರೆಸಿದ್ವಿ. ಇದು ಮಾತ್ರ ಯಾವ ಆ್ಯಪಿಗಿಂತ ಚೆನ್ನಾಗಿ ಕೆಲಸ ಮಾಡ್ತು.

ಸ್ಟಾರ್ ವಿಷಯಕ್ಕೆ ಬರೋಣ. ಜಾಹೀರಾತು ತುಂಬಿದ ಆ ಹೆಸರಿಲ್ಲದ ಸೈಟಿಗೆ ಐದಕ್ಕೆ ಎರಡು, ದೂರ ಸರಿ ಹೇಳಿದ್ದಕ್ಕೆ ಒಂದು, ಮನೇಲಿ ನಗು ಬರಿಸಿದ್ದಕ್ಕೆ ಒಂದು. ಗ್ರೇಟ್ ಸರ್ಕಲ್ ಮ್ಯಾಪರಿಗೆ ನಾಲ್ಕೂವರೆ, ಮೊಬೈಲಲ್ಲಿ ಕಣ್ಣು ಕಿರಿದು ಮಾಡ್ಕೊಂಡು ಓದಬೇಕು ಅಂತ ಅರ್ಧ ಕಟ್. ಟ್ರ್ಯಾಕರಿಗೆ ನಾಲ್ಕು, ಟೈಮಿಗೆ ಅದೇ ಸೈ, ಆದ್ರೆ ಅಪ್ಪನ ನಿದ್ದೆ ಕೆಡಿಸಿದ್ದಕ್ಕೆ ಒಂದು ಕಟ್. ಗೂಗಲ್ ಮ್ಯಾಪಲ್ಲೂ ಕಂಪ್ಯೂಟರಿಂದ ಬಲಗಡೆ ಕ್ಲಿಕ್ ಮಾಡಿದ್ರೆ ದೂರ ಅಳೆಯೋ ಸೌಲಭ್ಯ ಇದೆ, ಅವಸರಕ್ಕೆ ಸಾಕು, ಅಲ್ಲೂ ಗೆರೆ ಬಾಗಿಯೇ ಬರುತ್ತೆ. ಗ್ಲೋಬಿಗೆ ಮಾರ್ಕ್ಸ್ ಹಾಕೋ ಅಧಿಕಾರ ನನಗಿಲ್ಲ ಅಂತ ಅಪ್ಪ ಹೇಳಿದ್ದಾರೆ.

ಅಮ್ಮ ಏಪ್ರಿಲಲ್ಲಿ ವಾಪಸ್. ಆ ಹೊತ್ತಿಗೆ ಅಲ್ಲಿ ಗಡಿಯಾರ ಮತ್ತೆ ಮುಂದಕ್ಕೆ ಹೋಗಿರುತ್ತೆ, ವ್ಯತ್ಯಾಸ ಹನ್ನೆರಡೂವರೆ, ಇದನ್ನ ಅಪ್ಪ ಈಗಲೇ ಕ್ಯಾಲೆಂಡರಲ್ಲಿ ಮಾರ್ಚ್ 8ರ ಮನೇಲಿ ಬರೆದಿಟ್ಟಿದ್ದಾರೆ. ದಾರ ಇನ್ನೂ ಗ್ಲೋಬಿನ ತಿರುಪಿಗೇ ಸುತ್ತಿಕೊಂಡಿದೆ, ಬಿಚ್ಚಕ್ಕೆ ಹೋದ್ರೆ ಬೈತಾರೆ, ಹೂ ಕಟ್ಟಕ್ಕೆ ನಾನು ಹೊಸ ಉಂಡೆ ತರ್ಬೇಕಾಯ್ತು.